ಮಡಚಿಟ್ಟ ಶಾಲು

ಶಕ್ತಿನಗರದ ಮುಖೇಶನ ಕೈಗೆ ಮೈಕು ಸಿಕ್ಕಿದರೆ ಮುಗಿಯಿತು. ಪಂಪ್‌ವೆಲ್‌ನಿಂದ ಬಿಕರ್ನಕಟ್ಟೆಯವರೆಗೆ ಯಾವ ಸಭೆಯಾದರೂ ನಿರೂಪಣೆ ಅವನದೇ. ಯಾರು ಏನು ಹೇಳಿದರೂ ಅದನ್ನೇ ಒಗ್ಗರಣೆ ಹಾಕಿ ಇನ್ನೊಮ್ಮೆ ಗಟ್ಟಿಯಾಗಿ ಹೇಳದಿದ್ದರೆ ಅವನಿಗೆ ಉಂಡ ಅನ್ನ ಅರಗುವುದಿಲ್ಲ.

ಅವನ ತಮ್ಮನ ಹೆಂಡತಿ ಅಕ್ಷಿತಾ ಮಾತು ಕಡಿಮೆಯ ಹೆಂಗಸು, ಆದರೆ ಹಟಮಾರಿ. ಮಗಳು ಮೋಕ್ಷಾಳಿಗೆ ರಕ್ತದ ಕ್ಯಾನ್ಸರ್ ಬಂದಾಗ ಅಸ್ಥಿಮಜ್ಜೆ ಕಸಿ ಮಾಡಿಸಲು ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಇದ್ದು ಬಂದವಳು. ಮಗಳು ಉಳಿದಳು. ಆದರೆ ಮನೆಯಲ್ಲಿ ಬಿಟ್ಟುಹೋಗಿದ್ದ ಹಾಲುಗೂಸು ಕೌಶಲ್, ಮರಳಿ ಬಂದ ತಾಯಿಯ ಗುರುತು ಸಿಗದೆ, ಕಿರುಚಿ ದೊಡ್ಡಮ್ಮನ ಸೆರಗಿನ ಹಿಂದೆ ಅಡಗಿದ. ಅಂದಿನಿಂದ ಆಕೆ ಮಂಗಳೂರಿನಲ್ಲೇ ಮಕ್ಕಳಿಗೆ ಈ ಚಿಕಿತ್ಸೆ ಸಿಗಬೇಕೆಂದು ಕಚೇರಿಯಿಂದ ಕಚೇರಿಗೆ ಅಲೆದಳು. ಕೊನೆಗೆ ಊರಿನ ಒಂದು ಸರಕಾರಿ ಆಸ್ಪತ್ರೆಯಲ್ಲಿ ಕಸಿ ವಾರ್ಡು ಎದ್ದಿತು. ಆದರೆ ವೈದ್ಯರ ನೇಮಕವಾಗದೆ ಅದಕ್ಕೆ ಬೀಗ ಬಿದ್ದಿತ್ತು.

ಇಷ್ಟು ಮಾಡಿದವಳಿಗೆ ಸನ್ಮಾನ ಬೇಡವೇ? ಆರೋಗ್ಯ ಸಚಿವರು ಬರುವ ಸಭೆಯಲ್ಲಿ ಮುಖೇಶ ಅದನ್ನೂ ಸೇರಿಸಿಬಿಟ್ಟ. ನಮ್ಮ ಕಡೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರೆ ಆ ವಿಷಯ ಅಲ್ಲಿಗೆ ಮುಗಿದ ಹಾಗೆ. ಪಾಪ, ಇದು ಅವನಿಗೆ ಹೊಳೆಯಲಿಲ್ಲ.

ವೇದಿಕೆಗೆ ಬಂದ ಅಕ್ಷಿತಾ ಸನ್ಮಾನದ ಕುರ್ಚಿಯಲ್ಲಿ ಕೂರಲಿಲ್ಲ. ಮುಂದಿನ ಸಾಲಿನಲ್ಲಿದ್ದ ರಿಝ್ವಾನಾಳನ್ನು ಕರೆದಳು. ಆಕೆಯ ಮಗಳು ನುಸೈಬಾಳಿಗೂ ಅದೇ ಕಾಯಿಲೆ. ತಾಯಿ ಮಗಳಿಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿ, ಭಾವನ ಕೈಯಿಂದ ಮೈಕು ತೆಗೆದುಕೊಂಡಳು.

"ಸಾರ್, ನನಗೆ ಶಾಲು ಬೇಡ. ಈ ಮಗುವಿಗೆ ಇಲ್ಲಿಯೇ ಕಸಿ ಆಗ್ಬೇಕು. ಇವಳಿಗೆ ಮನೆಯಲ್ಲಿ ಸಣ್ಣ ತಮ್ಮ ಉಂಟು. ಅವನನ್ನು ಬಿಟ್ಟು ಇವರು ಬೆಂಗಳೂರಿಗೆ ಹೋಗುವುದು ಬೇಡ. ಬೀಗ ಯಾವಾಗ ತೆಗೀತೀರಿ, ಹೇಳಿ."

ಸಂಘಟಕರು ಮೈಕು ಆಫ್ ಮಾಡುವಂತೆ ಮುಖೇಶನಿಗೆ ಕಣ್ಸನ್ನೆ ಮಾಡಿದರು. ಅವಳ ಬಾಯಿ ಮುಚ್ಚಿಸುವ ಶಾಲನ್ನು ತಾನೇ ತಂದಿದ್ದೇನೆ ಎಂದು ಆಗ ಅವನಿಗೆ ಅರ್ಥವಾಯಿತು. ಸಚಿವರು ಮೆಲ್ಲಗೆ, "ನೋಡುವಾ, ದೀಪಾವಳಿ ಒಳಗೆ ಆಗಬಹುದು" ಎಂದರು.

ಮುಖೇಶ ಮೈಕು ಕಸಿದುಕೊಂಡ.

"ಮಾನ್ಯ ಸಚಿವರ ಘೋಷಣೆ! ದೀಪಾವಳಿಯ ಒಳಗೆ ಕಸಿ ವಾರ್ಡು ತೆರೆಯುತ್ತದೆ! ಮೊದಲ ದಾಖಲಾತಿ ನುಸೈಬಾ! ಜೋರಾದ ಚಪ್ಪಾಳೆ!"

ಸಭೆ ಎದ್ದು ನಿಂತಿತು. ಕೈ ಮುಗಿಯುವುದು ಬಿಟ್ಟು ಸಚಿವರಿಗೆ ಬೇರೆ ದಾರಿಯಿರಲಿಲ್ಲ.

"ಎಂತ ಮಾರಾಯ, ಅವರು ಆಗಬಹುದು ಅಂತ ಹೇಳಿದ್ದಲ್ವಾ?" ಎಂದು ಸಂಘಟಕರು ಹಲ್ಲು ಕಡಿದರು.

"ಅವರು ಹೇಳಿದ್ದನ್ನೇ ಸ್ವಲ್ಪ ಗಟ್ಟಿ ಹೇಳಿದೆ, ಅಷ್ಟೆ."

ಮರುದಿನ ಪೇಪರಿನಲ್ಲೆಲ್ಲ ಅದೇ ಸುದ್ದಿ. ಆಮೇಲೆ ಅಕ್ಷಿತಾ ಯಾರನ್ನೂ ಸುಮ್ಮನೆ ಕೂರಲು ಬಿಡಲಿಲ್ಲ. ಎಂಥ ಗಟ್ಟಿಗಿತ್ತಿ! ದೀಪಾವಳಿಗೆ ಮೊದಲೇ ಬೀಗ ತೆರೆಯಿತು, ನುಸೈಬಾ ದಾಖಲಾದಳು.

ಒಂದು ಸಂಜೆ ಮುಖೇಶ ಆ ಶಾಲನ್ನು ಚೀಲದಲ್ಲಿಟ್ಟುಕೊಂಡು ಆಸ್ಪತ್ರೆಯ ಗೇಟಿಗೆ ಬಂದ. ಅಕ್ಷಿತಾ ಅಲ್ಲೇ ನಿಂತಿದ್ದಳು. ರಾತ್ರಿ ಮಗಳ ಜೊತೆ ಇರಲು ರಿಝ್ವಾನಾಳ ಗಂಡ ಶಿಹಾಬ್ ಸ್ಕೂಟರಿನಲ್ಲಿ ಬಂದಿಳಿದ. ಅವನ ತಂಗಿ ನುಸೈಬಾಳ ಸಣ್ಣ ತಮ್ಮನನ್ನು ಎತ್ತಿಕೊಂಡು ಹಿಂದೆ ಕೂತಿದ್ದಳು. ಮನೆಗೆ ಹೊರಟ ರಿಝ್ವಾನಾ ಹೊರಗೆ ಬಂದಳು.

"ಉಮ್ಮಾ!" ಎನ್ನುತ್ತಾ ಮಗು ಎರಡೂ ಕೈ ಚಾಚಿ ತಾಯಿಯ ಮೇಲೆ ಹಾರಿತು.

ಅಕ್ಷಿತಾ ನೋಡುತ್ತಲೇ ನಿಂತಳು.

"ಭಾವ, ಆ ಶಾಲು ಕೊಡಿ."

ಹೊದಿಸಲೆಂದು ಮುಖೇಶ ಅದನ್ನು ಬಿಡಿಸಿದ. ಅವಳು ಅದನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟಳು. ಮುಖೇಶ ಏನೂ ಘೋಷಿಸಲಿಲ್ಲ.