ಯಾರ ಲೆಕ್ಕದ ತಾರೀಖು?

ನನ್ನ ಅತ್ತಿಗೆಯನ್ನು ಇವತ್ತಿನ ತಾರೀಖು ಕೇಳಿದವರಿಗೆ ತಾರೀಖು ಸಿಗುವುದಿಲ್ಲ, ಮರುಪ್ರಶ್ನೆ ಸಿಗುತ್ತದೆ: "ಯಾರ ಲೆಕ್ಕದಲ್ಲಿ?" ಮದುವೆಯಾದ ಹೊಸದರಲ್ಲಿ ಅಣ್ಣ ಇದನ್ನು ವಿನೋದವೆಂದು ತಿಳಿದಿದ್ದ, ಈಗ ನೇರವಾಗಿ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಾನೆ. ಒಂದು ಕಾಲಗಣನೆಯ ದಿನಾಂಕವನ್ನು ಇನ್ನೊಂದಕ್ಕೆ ಪರಿವರ್ತಿಸುವ ಸಾಫ್ಟ್‌ವೇರ್ ಬರೆಯುವುದು ಅತ್ತಿಗೆಯ ವೃತ್ತಿ. ಚಂದ್ರನನ್ನು ನಂಬಿದ ತಿಂಗಳುಗಳು, ಸೂರ್ಯನನ್ನು ನಂಬಿದ ವರ್ಷಗಳು, ಇಬ್ಬರಿಗೂ ರಾಜಿ ಮಾಡಿಸಲು ಹೋಗಿ ಹೆಚ್ಚುವರಿ ಮಾಸವೊಂದನ್ನು ಕಟ್ಟಿಕೊಂಡ ಲೆಕ್ಕಗಳು, ಎಲ್ಲವೂ ಅವರ ಮೇಜಿನ ಮೇಲೆ ಜಗಳವಿಲ್ಲದೆ ಕೂತಿರುತ್ತವೆ.

ನಡಿಗೆ ಬಿರುಸು, ಆದರೆ ಯಾವ ಬಾಗಿಲು ಎದುರಾದರೂ ಹೊಸ್ತಿಲಲ್ಲಿ ಅರೆಗಳಿಗೆ ನಿಂತೇ ದಾಟುತ್ತಾರೆ, ಹಿಂದೆ ಬರುತ್ತಿದ್ದವರು ಬಂದು ಢಿಕ್ಕಿ ಹೊಡೆಯುತ್ತಾರೆ. ಮೈಮೇಲೆ ಮೊಣಕೈ ಸವೆದ ಬೂದು ಕೋಟು, ಜೇಬಿನಲ್ಲಿ ತುಂಡು ಪೆನ್ಸಿಲ್ಲು. ಅದೇ ಕಚೇರಿಯಲ್ಲಿ ಬಳಕೆಯ ಕೈಪಿಡಿ ಬರೆಯುವ ನನ್ನ ಕಿವಿಗೆ, ಸಹೋದ್ಯೋಗಿಗಳು ಅವರನ್ನು 'ತಾರೀಖಮ್ಮ' ಎನ್ನುವುದು ಬಿದ್ದಿತ್ತು. ಅತ್ತಿಗೆಗೇ ಹೇಳಿದೆ, ಹೆಸರು ಚೆನ್ನಾಗಿದೆ ಎಂದರು.

ಅವರ ಹಟ ಒಂದೇ. ಹಳೆಯ ಲೆಕ್ಕವೊಂದರಲ್ಲಿ ಸೂರ್ಯ ಮುಳುಗಿದೊಡನೆ ಮರುದಿನ ಶುರು. ಕಚೇರಿಯ ಕ್ಯಾಲೆಂಡರಿನಲ್ಲಿ ನಡುರಾತ್ರಿಗೆ. ಆದ್ದರಿಂದ ಜನ್ಮದಿನಾಂಕ ಪರಿವರ್ತಿಸುವ ಮುನ್ನ, ಹುಟ್ಟಿದ್ದು ಸೂರ್ಯಾಸ್ತಕ್ಕೆ ಮೊದಲೋ ಆಮೇಲೋ ಎಂದು ನಮ್ಮ ಸಾಫ್ಟ್‌ವೇರ್ ಕೇಳಲೇಬೇಕು ಎಂಬುದು ಅವರ ವಾದ. ಇಷ್ಟೆಲ್ಲ ಕೇಳಿದರೆ ಗಿರಾಕಿಗಳು ಓಡಿಹೋಗುತ್ತಾರೆಂದು ಮ್ಯಾನೇಜರು ಆ ಪ್ರಶ್ನೆಯನ್ನು ತೆಗೆಸಿದರು. ಅಲ್ಲಿಂದಾಚೆಗೆ ಲೋಕದಲ್ಲಿ ಎಲ್ಲರೂ ಹಗಲಲ್ಲೇ ಹುಟ್ಟತೊಡಗಿದರು.

ಒಂದು ಬೆಳಿಗ್ಗೆ ಹುಡುಗಿಯೊಬ್ಬಳು ಅಜ್ಜಿಯೊಡನೆ ಕಚೇರಿಗೆ ಬಂದಳು. ನರ್ಸಿಂಗ್ ಶಾಲೆಯವರು ನಮ್ಮ ಸಾಫ್ಟ್‌ವೇರಿನಲ್ಲೇ ಆ ಹಳೆಯ ಲೆಕ್ಕದಲ್ಲಿದ್ದ ಅವಳ ಜನ್ಮದಿನಾಂಕ ಪರಿವರ್ತಿಸಿ, ವಯಸ್ಸಿಗೆ ಒಂದು ದಿನ ಸಾಲದೆಂದು ಅರ್ಜಿ ತಳ್ಳಿಹಾಕಿದ್ದರು. ಅತ್ತಿಗೆ ಅಜ್ಜಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಮಗು ಹುಟ್ಟಿದಾಗ ಹೊರಗೆ ಬೆಳಕಿತ್ತೇ ಎಂದು ವಿಚಾರಿಸಿದರು.

"ಎಲ್ಲಿ ಬೆಳಕಮ್ಮಾ? ಬೀದಿದೀಪ ಹತ್ತಿತ್ತು. ನಾನು ಊಟದ ಡಬ್ಬಿ ತೆಗೀತಿದ್ದೆ, ಒಳಗೆ ಇವಳು ಅತ್ಲು."

ಸೂರ್ಯ ಮುಳುಗಿದ್ದರಿಂದ ಹಳೆಯ ಲೆಕ್ಕ ಅವಳಿಗೆ ಮರುದಿನದ ತಾರೀಖು ಕೊಟ್ಟಿತ್ತು, ಅಂದರೆ ಅವಳು ಹುಟ್ಟಿದ್ದು ನಮ್ಮ ಕ್ಯಾಲೆಂಡರಿನಲ್ಲಿ ಹಿಂದಿನ ದಿನ. ವಯಸ್ಸು ಸರಿಯಾಗಿಯೇ ತುಂಬಿತ್ತು. ಜನನಪತ್ರದಲ್ಲೂ ವೇಳೆ ಇತ್ತು, ಅದನ್ನು ತುಂಬಲು ನಮ್ಮ ಪರದೆಯಲ್ಲಿ ಜಾಗವಿರಲಿಲ್ಲ. ಮ್ಯಾನೇಜರು ಇವಳದೊಂದನ್ನು ಕೈಯಾರೆ ತಿದ್ದಿ ಕಳಿಸೋಣ, ಒಂದು ದಿನಕ್ಕೆ ಇಷ್ಟು ರಂಪ ಯಾಕೆ ಎಂದರು. ಅತ್ತಿಗೆ ಕಡ್ಡಿ ಮುರಿದಂತೆ ಹೇಳಿದರು:

"ಆ ಒಂದು ದಿನಕ್ಕೇ ಅಲ್ವಾ ಸಾರ್ ಇವಳನ್ನ ಹೊರಗೆ ನಿಲ್ಸಿದ್ದು? ಇವಳೇನೋ ಬಂದು ಕೇಳಿದ್ಲು. ಕೇಳದೆ ವಾಪಸ್ ಹೋದೋರ ಲೆಕ್ಕ ಯಾರ ಹತ್ರ ಇದೆ?"

ಮ್ಯಾನೇಜರು ಹಣೆ ಉಜ್ಜಿಕೊಂಡರು. ಸಂಜೆಯೊಳಗೆ ಪ್ರಶ್ನೆ ಪರದೆಗೆ ಮರಳಿತು. ವಾರ ಕಳೆಯುವಷ್ಟರಲ್ಲಿ ಹುಡುಗಿಗೆ ಸೀಟೂ ಸಿಕ್ಕಿತು. ನನಗೆ ಹೆಮ್ಮೆಯಾಯಿತು, ಮುಚ್ಚುಮರೆಯೇನು. ಸೀಟು ಸಿಕ್ಕ ಆ ದಿನವೂ ಮನೆಗೆ ಹೊರಟಾಗ ಅತ್ತಿಗೆ ಬಾಗಿಲಲ್ಲಿ ನಿಂತರು, ನಾನು ಎಂದಿನಂತೆ ಢಿಕ್ಕಿ ಹೊಡೆದೆ.

ಇಂಥವರೊಡನೆ ಏಗುವುದು ಸುಲಭವಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಸಾಲಿಗೆ ಲೋಕ ಇವರನ್ನು ಸೇರಿಸಿಬಿಡುತ್ತದೆ. ಇವರೋ, ನಾಲ್ಕು ಕಾಲನ್ನೂ ಎಣಿಸಿದ ಮೇಲಷ್ಟೇ ಹಟ ಹಿಡಿಯುವವರು. ನಮ್ಮಂಥವರಿಗೆ ಎಲ್ಲವೂ ಸುಮಾರಾಗಿ ಸರಿಯಿದ್ದರೆ ಸಾಕು; ಆ 'ಸುಮಾರು' ಯಾರ ತಲೆಯ ಮೇಲೆ ಬೀಳುತ್ತದೆ ಎಂದು ನೋಡಲು ಹೊಸ್ತಿಲಲ್ಲಿ ನಿಲ್ಲುವವರು ಇವರು.