ದೂರು ಕೊಟ್ಟವರೇ ಓದಬೇಕು

ನಮ್ಮ ಶಾಲೆಯ ಲೈಬ್ರರಿಯಿಂದ ಯಾವುದಾದರೂ ಪುಸ್ತಕವನ್ನು ತೆಗೆಸಬೇಕೆಂದರೆ ಒಂದು ನಿಯಮವಿದೆ. ದೂರು ಕೊಟ್ಟವರು ತಮಗೆ ಆಗಿಬಾರದ ಪುಟವನ್ನು ಸಮಿತಿಯ ಮುಂದೆ ಗಟ್ಟಿಯಾಗಿ ಓದಬೇಕು. ಈ ನಿಯಮ ಮಾಡಿಸಿದವಳು ನಾನೇ, ಇಲ್ಲಿಯ ಲೈಬ್ರೇರಿಯನ್. ಪುಸ್ತಕದ ಮೇಲೆ ಕೆಂಡ ಕಾರುವವರಲ್ಲಿ ಮುಕ್ಕಾಲುವಾಸಿ ಜನ ಅದನ್ನು ಓದಿರುವುದಿಲ್ಲ. ಯಾರೋ ಮೊಬೈಲಿಗೆ ಕಳಿಸಿದ ಒಂದು ಪುಟದ ಫೋಟೋ ನೋಡಿ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದಿರುತ್ತಾರೆ. ದೇಹದ ಅಂಗಗಳ ಪುಸ್ತಕ ಅಸಹ್ಯವೆಂದು ಕುಣಿದಾಡಿದ ತಂದೆಯೊಬ್ಬರು ಎರಡು ಸಾಲು ಓದುವಷ್ಟರಲ್ಲಿ ಬೆವರಿ, ಗಾಡಿ ಅಡ್ಡ ನಿಲ್ಲಿಸಿ ಬಂದಿದ್ದೇನೆ ಎಂದು ಹೋದವರು ಇವತ್ತಿನವರೆಗೂ ವಾಪಸ್ಸು ಬಂದಿಲ್ಲ. ದೆವ್ವದ ಕಥೆ ಬೇಡವೆಂದ ತಾಯಿಯೊಬ್ಬರು ಓದುತ್ತ ಓದುತ್ತ ಅದರಲ್ಲೇ ಮುಳುಗಿ, ಮುಗಿಸಿ ಕೊಡ್ತೀನಿ ಎಂದು ಪುಸ್ತಕವನ್ನು ಮನೆಗೆ ಒಯ್ದರು. ಈ ನಿಯಮದ ಬಗ್ಗೆ ನನಗೆ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ.

ಈ ಸಲ ದೂರು ಕೊಟ್ಟವಳು ನನ್ನ ಒಡಹುಟ್ಟಿದ ತಂಗಿ.

ಅವಳ ಮಗಳು ಇದೇ ಶಾಲೆಯಲ್ಲಿ ಐದನೇ ಕ್ಲಾಸು. ಆ ಹುಡುಗಿ ಒಂದು ಮಕ್ಕಳ ಕಾದಂಬರಿಯನ್ನು ಮೇಲಿಂದ ಮೇಲೆ ಒಯ್ಯುತ್ತಿದ್ದಳು. ಅಪ್ಪ ಅಮ್ಮನ ಮೇಲೆ ಕೈಮಾಡುವುದನ್ನು ನೋಡುತ್ತ ಬೆಳೆಯುವ ಹುಡುಗಿಯೊಬ್ಬಳ ಕಥೆ ಅದು. ಅದನ್ನು ಲೈಬ್ರರಿಯಿಂದ ತೆಗೆಯಬೇಕೆಂದು ತಂಗಿ ನನಗೆ ಒಂದು ಮಾತೂ ಹೇಳದೆ ನೇರವಾಗಿ ಹೆಡ್‌ಮೇಡಂಗೆ ದೂರು ಕೊಟ್ಟಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ತಂಗಿಯೇ ಒಂದು ಪುಸ್ತಕ ತೆಗೆಸಿದಳು ಎಂದಾದರೆ ನಾಳೆ ಬರುವವರಿಗೆ ನಾನು ಯಾವ ಮುಖ ಇಟ್ಟುಕೊಂಡು ಆಗುವುದಿಲ್ಲ ಎನ್ನಲಿ? ಫೋನು ಮಾಡಿದೆ.

"ನನಗೊಂದು ಮಾತು ಹೇಳೋಕೆ ನಿನಗೇನಾಗಿತ್ತು?"

"ಹೇಳಿದ್ರೆ ತೆಗೀತಿದ್ಯಾ?"

"ಖಂಡಿತ ಇಲ್ಲ."

"ಮತ್ತೆ? ಮಕ್ಕಳ ತಲೇಲಿ ಇಂಥದ್ದೆಲ್ಲ ಯಾಕೆ ತುಂಬ್ತೀಯ ಅಕ್ಕಾ? ಯಾರ ಮನೇಲಿ ನಡೆಯುತ್ತೆ ಇದೆಲ್ಲ?"

"ಹಾಗಾದ್ರೆ ಬಂದು ಓದು."

ಅವಳು ದನಿ ತಗ್ಗಿಸಿ, "ನನ್ನ ಬದಲು ಬೇರೆ ಯಾರಾದ್ರೂ ಓದಿದ್ರೆ ಆಗಲ್ವಾ?" ಎಂದಳು.

"ಆಗಲ್ಲ. ತಂಗಿ ಅಂತ ನಿನಗೊಂದು ಬೇರೆ ನಿಯಮ ಮಾಡ್ಲಾ?"

ಹೆಡ್‌ಮೇಡಂ ಕೋಣೆಯಲ್ಲಿ ಸಮಿತಿ ಸೇರಿತು. ಸಮಿತಿ ಎಂದರೆ ಹೆಡ್‌ಮೇಡಂ, ವಿಜ್ಞಾನದ ಮೇಷ್ಟ್ರು ಮತ್ತು ನಾನು, ಇಷ್ಟೇ. ಆ ಕಾದಂಬರಿಯ ಎರಡು ಪ್ರತಿಗಳು ನಮ್ಮಲ್ಲಿದ್ದವು. ಒಂದನ್ನು ತಂಗಿಗೆ ಕೊಟ್ಟೆ. ಇನ್ನೊಂದನ್ನು ಮೇಷ್ಟ್ರು ಮುಂದಿಟ್ಟುಕೊಂಡು, ಪರೀಕ್ಷೆ ಪೇಪರು ತಿದ್ದುವವರ ಹಾಗೆ ಸಾಲಿನ ಕೆಳಗೆ ಬೆರಳಿಟ್ಟು ಕೂತರು. ತಂಗಿ ನನ್ನತ್ತ ನೋಡಲಿಲ್ಲ. ನಾನೂ ಬಿಗುಮಾನ ಬಿಡಲಿಲ್ಲ.

ಅವಳು ಶುರುಮಾಡಿದಳು. ಕಥೆಯ ಆ ಭಾಗದಲ್ಲಿ ಬೆಳಗಾಗಿದೆ. ಅಮ್ಮ ಊದಿಕೊಂಡ ಕೆನ್ನೆಗೆ ತಣ್ಣೀರು ಹಾಕಿಕೊಂಡು, ಶಾಲೆಗೆ ಹೊರಟ ಮಗಳ ಜಡೆ ಹೆಣೆಯುತ್ತಿದ್ದಾಳೆ. ತಂಗಿ ಮೊದಮೊದಲು ತಡವರಿಸಿದಳು. ಆಮೇಲೆ ಸರಾಗವಾಯಿತು. ಎಷ್ಟು ಸರಾಗವಾಯಿತೆಂದರೆ ಅವಳ ಕಣ್ಣು ಪುಟದಿಂದ ಮೇಲೆದ್ದು ಕಿಟಕಿಯ ಕಡೆ ಹೋಯಿತು, ಮಾತು ಮಾತ್ರ ನಿಲ್ಲಲಿಲ್ಲ.

"ಯಾರಾದ್ರೂ ಕೇಳಿದ್ರೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ಲು ಅಂತ ಹೇಳು. ದೊಡ್ಡಮ್ಮ ಕೇಳಿದ್ರೂ ಅಷ್ಟೇ ಹೇಳು."

ಮೇಷ್ಟ್ರ ಬೆರಳು ನಿಂತಿತು. "ಒಂದ್ನಿಮಿಷ. ಇದರಲ್ಲಿ ಕಪಾಟಿನ ಬಾಗಿಲು ಬಡೀತು ಅಂತಿದೆ. ದೊಡ್ಡಮ್ಮ ಅಂತ ಯಾರೂ ಇಲ್ವಲ್ಲ?"

ದೊಡ್ಡಮ್ಮ ನಾನು. ಹೋದ ತಿಂಗಳು ತಂಗಿಯ ಕೆನ್ನೆ ನೋಡಿ ಏನಾಯ್ತೇ ಎಂದು ಕೇಳಿದ್ದೆ. ಅವಳು ಬಾಯಿ ತೆರೆಯುವ ಮೊದಲೇ ಅವಳ ಮಗಳು, ಕಂಠಪಾಠ ಒಪ್ಪಿಸುವ ಹಾಗೆ, ಬಚ್ಚಲಲ್ಲಿ ಜಾರಿದ್ಲು ದೊಡ್ಡಮ್ಮ ಎಂದಿದ್ದಳು. ತಂಗಿ ಪುಟ ನೋಡಿದಳು, ಮೇಷ್ಟ್ರನ್ನು ನೋಡಿದಳು, ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅವಳ ಕೈಲಿರೋದು ಹಳೇ ಮುದ್ರಣ ಸಾರ್," ಎಂದೆ. "ಅದರಲ್ಲಿ ಹಾಗೇ ಇದೆ. ಆಮೇಲೆ ಬದಲಾಯಿಸಿದಾರೆ."

ಪುಸ್ತಕದಲ್ಲಿ ಇರುವುದನ್ನು ಇಲ್ಲವೆನ್ನಬೇಡಿ, ಇಲ್ಲದ್ದನ್ನು ಇದೆಯೆನ್ನಬೇಡಿ ಎಂದು ಊರವರ ಜೊತೆಯೆಲ್ಲ ಕಾದಾಡಿದವಳು ನಾನು. ಆ ಸುಳ್ಳು ನನ್ನ ಬಾಯಿಂದ ನೀರು ಕುಡಿದಷ್ಟು ಸಲೀಸಾಗಿ ಬಂತು. ಮೇಷ್ಟ್ರು ಪಾಪ, ನಂಬಿ ತಲೆಯಾಡಿಸಿದರು.

"ಇಲ್ಲ ಸಾರ್," ಎಂದಳು ತಂಗಿ. "ಅಕ್ಕ ಸುಳ್ಳು ಹೇಳ್ತಿದಾಳೆ. ಇದರಲ್ಲೂ ಕಪಾಟು ಅಂತಲೇ ಇದೆ. ಬಚ್ಚಲು ನಮ್ಮನೇದು."

ಹೆಡ್‌ಮೇಡಂ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ನನ್ನ ಮಗಳು ಈ ಪುಟ ತೋರಿಸಿ, ಅಮ್ಮಾ, ನಮ್ಮ ವಿಷಯ ಇವರಿಗೆ ಯಾರು ಹೇಳಿದ್ರು ಅಂತ ಕೇಳಿದ್ಲು. ಏನಂತ ಹೇಳ್ಲಿ? ಪುಸ್ತಕಾನೇ ಇಲ್ಲದಿದ್ರೆ ಕೇಳೋದನ್ನ ಬಿಡ್ತಾಳೆ ಅಂದ್ಕೊಂಡೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಪುಸ್ತಕವನ್ನು ನನ್ನ ಕಡೆ ಸರಿಸಿದಳು. "ದೂರು ವಾಪಸ್ಸು ತಗೋತೀನಿ ಮೇಡಂ. ಇದು ಇಲ್ಲೇ ಇರಲಿ."

ನಾನು ಕಾದಿದ್ದ ಗೆಲುವು ಅದೇ. ಯಾರಿಗೆ ಬೇಕಾಗಿತ್ತು ಅದು ಆಗ? ನಾನು ಎದ್ದು ಹೋಗಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತೆ. ಅವಳ ಕೈ ಹಿಡಿದುಕೊಂಡೆ. ಐಸಿನ ಹಾಗೆ ತಣ್ಣಗಿತ್ತು.

"ನಾನು ಪೂರ್ತಿ ಓದಿಲ್ಲ ಅಕ್ಕಾ," ಎಂದಳು ಮೆಲ್ಲಗೆ. "ಕೊನೇಲಿ ಏನಾಗುತ್ತೆ?"

"ತಾಯಿ ಮಗಳು ಇಬ್ಬರೂ ಮನೆ ಬಿಟ್ಟು ಹೊರಡ್ತಾರೆ."

"ಎಲ್ಲಿಗೆ ಹೋಗ್ತಾರೆ?"

ಕಾದಂಬರಿ ಬಸ್ಸಿನಲ್ಲೇ ಮುಗಿಯುತ್ತದೆ. ಎಲ್ಲಿಗೆ ಹೋದರೆಂದು ಬರೆದವರು ಹೇಳಿಲ್ಲ.

"ಅಕ್ಕನ ಮನೆಗೆ," ಎಂದೆ.