ಕುರ್ಚಿಯ ಉತ್ತರ ಊಟಕ್ಕೆ

ಆ ಮನೆಯಲ್ಲಿ ಒಂದು ಪ್ರಶ್ನೆ ಹಾಕಿದರೆ ಮೂರು ಉತ್ತರ ಸಿಗುತ್ತಿದ್ದವು. ಯಾರನ್ನು ಕೇಳಿದ್ದೋ ಅವರಿಂದ ಮಾತ್ರ ಒಂದೂ ಇಲ್ಲ.

"ಯಜಮಾನ್ರೇ, ರಾತ್ರಿ ನಿದ್ದೆ ಬಂತಾ?" ಎಂದು ನರ್ಸಮ್ಮ ಕೇಳುವುದೇ ತಡ, "ಚೆನ್ನಾಗಿ ಮಲಗಿದ್ರು ಸಿಸ್ಟರ್" ಎಂದು ಹೆಂಡತಿ, "ಎಲ್ಲಿ ಮಲಗಿದ್ರಮ್ಮ, ಕೂಗಿದ್ರಲ್ಲ" ಎಂದು ಮಗಳು, "ಅದು ಕೂಗಿದ್ದಲ್ಲ, ಕೆಮ್ಮಿದ್ದು" ಎಂದು ಮಗ. ನರ್ಸಮ್ಮ ಚೀಲ ಕೆಳಗಿಡುವಷ್ಟರಲ್ಲಿ ಮೂವರೂ ಕೆಮ್ಮಿಗೆ ಯಾವ ಔಷಧಿ ವಾಸಿ ಎಂಬಲ್ಲಿಗೆ ಹೋಗಿ ಮುಟ್ಟಿರುತ್ತಿದ್ದರು. ನಿದ್ದೆ ಮಾಡಿದ, ಅಥವಾ ಮಾಡದ, ಮನುಷ್ಯ ಮಾತ್ರ ಹಾಸಿಗೆಯಲ್ಲಿ ಸೂರು ನೋಡುತ್ತ ಬಿದ್ದಿರುತ್ತಿದ್ದರು.

ಮನೆಮನೆಗೆ ಹೋಗಿ ದೀರ್ಘ ಕಾಯಿಲೆಯ ಹಿರಿಯರ ಆರೈಕೆ ಮಾಡುವುದು ನರ್ಸಮ್ಮನ ಕೆಲಸ. ಬೈಯುವವರನ್ನು ನೋಡಿದ್ದಳು, ಮಾತ್ರೆ ಉಗುಳುವವರನ್ನು ನೋಡಿದ್ದಳು, ಸ್ನಾನ ಮಾಡಿಸಲು ಹೋದರೆ ಕೈ ಕಚ್ಚಿದವರೂ ಇದ್ದರು. ಯಾರ ಮೇಲೂ ಅವಳಿಗೆ ಇಷ್ಟು ರೇಗಿರಲಿಲ್ಲ. ಇಲ್ಲಿ ಬೈಯುವಂತೆಯೂ ಇರಲಿಲ್ಲ. ಯಜಮಾನರ ಮೇಲೆ ಮೂವರಿಗೂ ಜೀವ. ಆ ಪ್ರೀತಿಯೆಲ್ಲ ಬಾಯಿಂದಲೇ ಬರುತ್ತಿತ್ತು, ಅದೇ ಕಷ್ಟ.

ಯಜಮಾನರಿಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುವುದು ಎಲ್ಲರಿಗೂ ಕಾಣುತ್ತದೆ, ಉಳಿದದ್ದು ಕಾಣುವುದಿಲ್ಲ. ಮೈ ಮರಗಟ್ಟುತ್ತದೆ. ಮುಖ ಬಿಗಿದುಕೊಂಡು, ನಗುವೂ ಇಲ್ಲ ಮುನಿಸೂ ಇಲ್ಲ ಎಂಬಂತಾಗುತ್ತದೆ. ದನಿ ಪಿಸುಮಾತಿಗೆ ಇಳಿಯುತ್ತದೆ. ನರ್ಸಮ್ಮ ಬೆಳಿಗ್ಗೆ ಬಂದು ಮೈ ತೊಳೆದು, ಕೈಕಾಲು ಮಡಿಸಿ ಚಾಚಿಸಿ, ಗದ್ದ ತಗ್ಗಿಸಿ ನುಂಗುವುದನ್ನು ಅಭ್ಯಾಸ ಮಾಡಿಸಿ, ದನಿಗೆ ಬಲ ಬರಲೆಂದು "ಆ" ಅನ್ನಿಸಿ ಹೋಗುತ್ತಿದ್ದಳು. ರಾತ್ರಿಯ ಕೆಲಸ ಹೆಂಡತಿಯದು. ಬೆನ್ನು ಹುಣ್ಣಾಗದಂತೆ ಆಗಾಗ ಎದ್ದು ಗಂಡನ ಮಗ್ಗುಲು ಬದಲಿಸಬೇಕು. ಆಕೆಯ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. "ಒಂದೆರಡು ರಾತ್ರಿ ಮಕ್ಕಳಿಗೆ ಬಿಡಿ ಅಮ್ಮ" ಎಂದರೆ, "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ" ಎಂದು ಸೊಂಟ ಹಿಡಿದುಕೊಂಡು ಏಳುತ್ತಿದ್ದರು.

ಅದು ಹರಾಜಿನವರ ಮನೆ. ಕೆಳಗೆ ಹರಾಜಿನ ಮಳಿಗೆ, ಮೇಲೆ ವಾಸ. ಹಳೆಯ ಬೀರು, ಮಂಚ, ಹೊಲಿಗೆ ಯಂತ್ರ, ಮುಚ್ಚಿಹೋದ ಕಚೇರಿಗಳ ಮೇಜು ಎಲ್ಲ ಅಲ್ಲಿಗೆ ಬಂದು ಬೀಳುತ್ತಿದ್ದವು. ಬೆಲೆ ಕೂಗುವುದರಲ್ಲಿ ಯಜಮಾನರದು ಒಂದು ಕಾಲದಲ್ಲಿ ಎತ್ತಿದ ಕೈ. ಒಂದು ಸಲ, ಎರಡು ಸಲ, ಮೂರು ಸಲ, ಸುತ್ತಿಗೆ ಹೊಡೆದರೆ ಮುಗಿಯಿತು. ಅಷ್ಟರೊಳಗೆ ಬಾಯಿ ಬಿಡದವನಿಗೆ ವಸ್ತು ಬೇಡ ಎಂದೇ ಲೆಕ್ಕ. ಈಗ ಕೂಗುವವನು ಮಗ, ಗಿರಾಕಿಗಳನ್ನು ಮಾತಿನಲ್ಲಿ ಕಟ್ಟಿಹಾಕುವವಳು ಮಗಳು. ಇಬ್ಬರದೂ ಅರಳು ಹುರಿದಂತಹ ಮಾತು. ಮಳಿಗೆಯ ಸಾಮಾನಿಗೂ ಮನೆಯ ಸಾಮಾನಿಗೂ ನಡುವೆ ಒಂದು ಮೆಟ್ಟಿಲುಸಾಲು ಅಷ್ಟೇ. ಇವತ್ತು ಕೂತ ಸ್ಟೂಲು ನಾಳೆ ಇದ್ದರೆ ಪುಣ್ಯ.

ಇತ್ತೀಚೆಗೆ ಮಕ್ಕಳು ಒಂದು ತೀರ್ಮಾನಕ್ಕೆ ಬಂದಿದ್ದರು: ಅಪ್ಪನಿಗೆ ಅರಳುಮರಳು. ಏನೋ ಕೇಳಿದರೆ ಇನ್ನೇನೋ ಹೇಳುತ್ತಾರೆ. ಮುಂದಿನ ವಾರ ದೊಡ್ಡ ಡಾಕ್ಟರು ಮನೆಗೇ ಬಂದು ನೋಡುವವರಿದ್ದರು. ಬುದ್ಧಿ ಹೋಗಿದೆ ಎಂದು ಅವರು ಹೇಳಿಬಿಟ್ಟರೆ ಆಸ್ಪತ್ರೆಯ ಮರೆವಿನ ವಾರ್ಡಿಗೆ ಸೇರಿಸುವುದು ಎಂದಾಗಿತ್ತು. ಆ ವಾರ್ಡಿನಲ್ಲಿ ನರ್ಸಮ್ಮ ಹಿಂದೆ ಕೆಲಸ ಮಾಡಿದ್ದಳು. ಬಾಗಿಲಿಗೆ ಸದಾ ಬೀಗ. ಎಲ್ಲ ಮರೆತವರಿಗೆ ಅದು ನೆಮ್ಮದಿಯ ಜಾಗವೇ. ಎಲ್ಲ ನೆನಪಿರುವವನೊಬ್ಬ ಅಲ್ಲಿ ಸಿಕ್ಕಿಬಿದ್ದರೆ? ಯಜಮಾನರ ಕಣ್ಣು ನೋಡಿದರೆ ಮರೆತವರ ಕಣ್ಣಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು. ಆದರೆ ಅನ್ನಿಸಿದ್ದನ್ನು ಡಾಕ್ಟರ ಮುಂದೆ ಇಡುವುದು ಹೇಗೆ?

ಹೀಗಿರುವಾಗ ಒಂದು ಬೆಳಿಗ್ಗೆ ಬಂದು ನೋಡುತ್ತಾಳೆ, ಕುರ್ಚಿ ಮಾಯ! ಕೈ ಇರುವ, ಎತ್ತರದ ಕುರ್ಚಿ. ಯಜಮಾನರು ಯಾರ ಹಂಗಿಲ್ಲದೆ ಎದ್ದು ನಿಲ್ಲಬಲ್ಲ ಒಂದೇ ಒಂದು ಕುರ್ಚಿ ಅದು. ಮಳಿಗೆಯಿಡೀ ಹುಡುಕಿ ಅವಳೇ ಆರಿಸಿ ತರಿಸಿದ್ದಳು.

"ಹೋಯ್ತು ಸಿಸ್ಟರ್" ಎಂದ ಮಗ. "ಒಳ್ಳೆ ಗಿರಾಕಿ ಬಂದ. ಅಪ್ಪನ್ನ ಕೇಳೇ ಕೊಟ್ಟಿದ್ದು. 'ಅಪ್ಪ, ಈ ಕುರ್ಚಿ ಮಾರ್ಲಾ?' ಅಂದೆ. ಬೇಡ ಅನ್ನಲಿಲ್ಲ."

"ಹೂಂ ಅಂದ್ರಾ?"

"ಬೇಡ ಅನ್ನಲಿಲ್ವಲ್ಲ!"

"ಪಾಪ, ಅವರಿಗೇನು ತಿಳಿಯತ್ತೆ" ಎಂದರು ಹೆಂಡತಿ. "ಆಮೇಲೆ ನಾನು ತಟ್ಟೆ ಹಿಡ್ಕೊಂಡು ಬಂದು 'ಬಡಿಸ್ಲಾ' ಅಂದ್ರೆ, 'ಬೇಡ' ಅಂದ್ರು. ಎಷ್ಟು ಬೇಡ್ಕೊಂಡ್ರೂ ಮಾತಿಲ್ಲ. ತಟ್ಟೆ ತೆಗೆದಿಟ್ಟೆ."

ನರ್ಸಮ್ಮನಿಗೆ ಪಿತ್ತ ನೆತ್ತಿಗೇರಿತು. ಬಾಯಿ ಬಿಟ್ಟರೆ ಏನಾದರೂ ಅಂದುಬಿಡುತ್ತೇನೆ ಎಂದು ಯಜಮಾನರನ್ನು ಬಚ್ಚಲಿಗೆ ನಡೆಸಿಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ಸ್ಟೂಲಿನ ಮೇಲೆ ಕೂರಿಸಿ ನೀರು ಹೊಯ್ದಳು.

"ನೀರು ಬಿಸಿ ಹೆಚ್ಚಾಯ್ತಾ?"

ಉತ್ತರವಿಲ್ಲ. ತೋಳು ಉಜ್ಜಿದಳು, ಬೆನ್ನು ಉಜ್ಜಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಕುರ್ಚಿ ಹೋಯ್ತು ಅಂತ ಬೇಜಾರಾ ಯಜಮಾನ್ರೇ?"

"ಬಿಸಿ" ಎಂದರು ಯಜಮಾನರು.

ಕುರ್ಚಿ ಬಿಸಿಯೇ? ಇದನ್ನೇ ಅಲ್ಲವೇ ಮಕ್ಕಳು ಅರಳುಮರಳು ಅನ್ನುವುದು. ಬಕೆಟ್ಟಿಗೆ ಕೈ ಅದ್ದಿದಳು. ನೀರು ನಿಜಕ್ಕೂ ಬಿಸಿಯಾಗಿತ್ತು. ಅವಳ ಕೈ ಅಲ್ಲೇ ನಿಂತಿತು. ತುಟಿ ಬಿಗಿಹಿಡಿದು ಕಾದಳು. ಕಾಲು ತೊಳೆದಳು, ಬೆರಳ ಸಂದಿ ತೊಳೆದಳು, ತೊಳೆದ ಬೆರಳನ್ನೇ ಮತ್ತೊಮ್ಮೆ ತೊಳೆದಳು. ಯಜಮಾನರ ತುಟಿ ಅಲುಗಿತು.

"ಬೇಜಾರು."

ನರ್ಸಮ್ಮನಿಗೆ ಅಳು ನಗು ಎರಡೂ ಒಟ್ಟಿಗೆ ಬಂತು. ಮನುಷ್ಯ ಎಲ್ಲದಕ್ಕೂ ಉತ್ತರ ಕೊಡುತ್ತಲೇ ಇದ್ದಾರೆ! ಉತ್ತರ ಬಾಯಿಗೆ ಬರುವಷ್ಟರಲ್ಲಿ ಈ ಮನೆಯವರು ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ, ಅಷ್ಟೇ. "ಬೇಡ" ಎಂದದ್ದು ಊಟಕ್ಕಲ್ಲ, ಕುರ್ಚಿಗೆ. ಬೀರುವಿಗೆ ಕೂಗಿದ ಬೆಲೆಯನ್ನು ಮಂಚಕ್ಕೆ ಹಚ್ಚಿ, ಗಿರಾಕಿಗೆ ತಲೆ ಕೆಟ್ಟಿದೆ ಎಂದಂತಾಯಿತು.

ಹೊರಗೆ ಬಂದು ಮೂವರನ್ನೂ ಸಾಲಾಗಿ ಕೂರಿಸಿದಳು.

"ಅವರ ತಲೆ ಸರಿಯಾಗಿದೆ. ತಲೆಯಿಂದ ಬಾಯಿಗೆ ಮಾತು ಬರೋದು ತಡ, ಅಷ್ಟೇ. ಒಂದು ಪ್ರಶ್ನೆ ಕೇಳಿ, ಬಾಯಿ ಮುಚ್ಕೊಂಡು ಕೂತ್ಕೊಳ್ಳಿ."

"ಎಷ್ಟು ಹೊತ್ತು?" ಎಂದಳು ಮಗಳು.

"ಅವರು ಉತ್ತರ ಕೊಡೋ ತನಕ."

"ಕೊಡದಿದ್ರೆ?"

"ಆಗಲೂ ಮುಚ್ಕೊಂಡೇ ಇರಿ!"

ಮೂವರೂ ತಲೆಯಾಡಿಸಿದರು. ಹೆಂಡತಿ ಕಣ್ಣೊರೆಸಿಕೊಂಡು, ಗಂಡನ ಬಳಿ ಹೋಗಿ, "ಕುರ್ಚಿ ಬೇಕಿತ್ತೇನ್ರೀ?" ಎಂದರು. ಒಂದು ಉಸಿರು ಕಾದರು. "ಬೇಕಿತ್ತಂತೆ ಸಿಸ್ಟರ್, ಮುಖ ನೋಡಿದ್ರೆ ಗೊತ್ತಾಗಲ್ವಾ? ವಾಪಸ್ ತರಿಸೋ! ಅಷ್ಟರ ತನಕ ದಿಂಬು ಕೊಡ್ಲೇನ್ರೀ? ಕಾಲು ನೋಯ್ತಿದೆಯಾ?" ನರ್ಸಮ್ಮ ಹಣೆ ಚಚ್ಚಿಕೊಂಡಳು.

ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಸುಮ್ಮನಿರುತ್ತಿತ್ತು. ಎರಡು ದಿನ ಹೇಳಿದಳು, ಗದರಿದಳು, ಕೈಮುಗಿದಳು. ಮಗ ಗಿರಾಕಿಯ ಕಾಲು ಹಿಡಿದು ಕುರ್ಚಿಯೇನೋ ವಾಪಸ್ ತಂದ. ಆದರೆ ಬಾಯಿ? ಕೆಟ್ಟ ಬುದ್ಧಿಯಿಂದ ಮಾಡುತ್ತಿದ್ದರೆ ಜಗಳವಾಡಬಹುದಿತ್ತು. ಇವರಿಗೆ ಮೌನ ಕಂಡರೆ ಸಾಕು, ಉರುಳಿಬೀಳುವ ಪಾತ್ರೆ ಹಿಡಿಯುವವರ ಹಾಗೆ ಓಡಿಬರುತ್ತಿದ್ದರು. ಕೊನೆಗೆ ನುಂಗುವ ಅಭ್ಯಾಸದ ನೀರಿನ ಲೋಟ ಕೈಯಲ್ಲಿದ್ದಾಗ ನರ್ಸಮ್ಮನಿಗೆ ಉಪಾಯ ಹೊಳೆಯಿತು. ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಒಂದು ಗುಟುಕು ನೀರು ಬಾಯಲ್ಲಿಟ್ಟುಕೊಳ್ಳಬೇಕು. ಯಜಮಾನರ ಉತ್ತರ ಬಂದ ಮೇಲೇ ನುಂಗಬೇಕು.

"ಹಾಲು ಕೊಡ್ಲೇನ್ರೀ?" ಎಂದು ಕೇಳಿ ಹೆಂಡತಿ ನೀರು ತುಂಬಿಕೊಂಡರು. ಮಕ್ಕಳೂ ತುಂಬಿಕೊಂಡರು. ಕೆನ್ನೆ ಉಬ್ಬಿದ ತಂಗಿಯನ್ನು ನೋಡಿ ಮಗನಿಗೆ ನಗು ತಡೆಯಲಾಗಲಿಲ್ಲ. ಬಾಯಲ್ಲಿದ್ದುದೆಲ್ಲ ಅವಳ ಮುಖಕ್ಕೆ ಬಿತ್ತು. ಆ ಗಲಾಟೆಯ ನಡುವೆ ಹಾಸಿಗೆಯಿಂದ ಸಣ್ಣ ದನಿ ಬಂತು.

"ಕಾಫಿ."

ಹೆಂಡತಿ ಗುಟುಕನೆ ನುಂಗಿದರು. "ಇಷ್ಟು ದಿನ ಹಾಲೇ ಕುಡಿಸಿದ್ನಲ್ಲ! ಒಂದು ಮಾತು ಹೇಳೋಕೇನಾಗಿತ್ತು ನಿಮಗೆ?"

ನರ್ಸಮ್ಮ ಮೂರು ಲೋಟಕ್ಕೂ ಮತ್ತೆ ನೀರು ತುಂಬಿದಳು.

ಡಾಕ್ಟರು ಬಂದ ದಿನ ಮೂವರೂ ಲೋಟ ಹಿಡಿದು ಸಾಲಾಗಿ ಕೂತಿದ್ದರು. ಡಾಕ್ಟರು ಒಂದು ಕ್ಷಣ ತಬ್ಬಿಬ್ಬಾದರು. ನರ್ಸಮ್ಮ ವಿಷಯ ವಿವರಿಸಿ, "ಒಂದೊಂದೇ ಪ್ರಶ್ನೆ ಕೇಳಿ ಸಾರ್, ದಯವಿಟ್ಟು ಕಾಯಿರಿ" ಎಂದಳು. ಅವರಿಗೂ ಅವಸರವಿತ್ತು, ಆದರೆ ಒಳ್ಳೆಯ ಮನುಷ್ಯ, ಗಡಿಯಾರ ನೋಡುವುದನ್ನು ಬಿಟ್ಟು ಕೂತರು. ಇದು ಯಾವ ಋತು, ಎದುರಿಗೆ ಕೂತವರು ಯಾರು, ಕಿಟಕಿಯಾಚೆ ಕಾಣುವುದೇನು ಎಂದು ಒಂದೊಂದಾಗಿ ಕೇಳಿದರು. ಪ್ರತಿ ಪ್ರಶ್ನೆಗೂ ಕೋಣೆ ಉಸಿರು ಬಿಗಿಹಿಡಿದು ಕೂತಿತು. ಪ್ರತಿ ಪ್ರಶ್ನೆಗೂ ಉತ್ತರ ಬಂತು, ನಿಧಾನವಾಗಿ, ಸರಿಯಾಗಿ. ತಾವು ಮಾಡುತ್ತಿದ್ದ ಕೆಲಸದ ಬಗ್ಗೆ ಕೇಳಿದಾಗ ಯಜಮಾನರು, "ಹರಾಜು. ಮಗ... ಬೇಗ ಬೇಗ ಹೊಡೀತಾನೆ" ಎಂದರು. ಮಗನ ಮುಖ ಕೆಂಪಾಯಿತು, ಬಾಯಲ್ಲಿ ನೀರಿದ್ದುದರಿಂದ ವಾದಿಸಲಾಗಲಿಲ್ಲ.

"ಇವರ ಬುದ್ಧಿಗೆ ಏನೂ ಆಗಿಲ್ಲ" ಎಂದರು ಡಾಕ್ಟರು. "ಮರೆವಿನ ವಾರ್ಡಿನ ಮಾತೇ ಬೇಡ."

ನರ್ಸಮ್ಮನಿಗೆ ಎದೆಯ ಮೇಲಿಂದ ಬಂಡೆ ಇಳಿದಂತಾಯಿತು. ಡಾಕ್ಟರು ಯಜಮಾನರ ಕಡೆ ಬಾಗಿದರು. "ಎರಡು ದಾರಿ ಇದೆ. ಇಲ್ಲೇ ಇರಬಹುದು, ಸಿಸ್ಟರ್ ಬಂದು ಹೋಗ್ತಾರೆ. ಇಲ್ಲ ಅಂದ್ರೆ ನಮ್ಮ ಆಸ್ಪತ್ರೆ ಪಕ್ಕದಲ್ಲಿ ಆರೈಕೆ ಮನೆ ಇದೆ. ಬೀಗ ಗೀಗ ಇಲ್ಲ. ಹಗಲೂ ರಾತ್ರಿ ನರ್ಸ್ ಇರ್ತಾರೆ, ಮನೆಯವರು ಯಾವಾಗ ಬೇಕಾದ್ರೂ ಬರಬಹುದು. ನಿಮಗೆ ಎಲ್ಲಿ ಇಷ್ಟ?"

ಮೂವರೂ ನೀರು ತುಂಬಿಕೊಂಡರು. ಯಜಮಾನರು ಸೂರು ನೋಡಿದರು. ತುಟಿ ಅಲುಗಿ ನಿಂತಿತು. ಇಷ್ಟು ಹೊತ್ತು ಯಾವ ಉತ್ತರಕ್ಕೂ ತೆಗೆದುಕೊಂಡಿರಲಿಲ್ಲ. ಡಾಕ್ಟರ ಕಣ್ಣು ಗಡಿಯಾರದ ಕಡೆ ಹೊರಳಿತು. ಎಲ್ಲ ಸರಿಹೋಗಿ ಇಲ್ಲಿ ಬಂದು ಕೆಡುತ್ತದಲ್ಲ ಎಂದು ನರ್ಸಮ್ಮನ ಜೀವ ಬಾಯಿಗೆ ಬಂತು.

"ಮನೇಲೇ ಸಾರ್" ಎಂದುಬಿಟ್ಟಳು. "ಮನೇಲೇ ಇರ್ತೀನಿ ಅಂತಾರೆ, ಇನ್ನೇನು."

ಮೂರು ಜೊತೆ ಕಣ್ಣು ಅವಳ ಮೇಲೆ ನೆಟ್ಟವು. ಮಗಳು ಮಾತಿಲ್ಲದೆ ತನ್ನ ಲೋಟವನ್ನು ಅವಳ ಕಡೆ ಚಾಚಿದಳು. ನರ್ಸಮ್ಮನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಇಷ್ಟು ದಿನ ಗಂಟಲು ಹರಿದುಕೊಂಡವಳು ತಾನೇ ಅಲ್ಲವೇ! ಲೋಟ ತೆಗೆದುಕೊಂಡು ಬಾಯಿ ತುಂಬಿಕೊಂಡಳು.

"ಆರೈಕೆ ಮನೆ" ಎಂದರು ಯಜಮಾನರು.

ಯಾರೂ ನುಂಗಲಿಲ್ಲ. ನುಂಗಬೇಕೆಂಬುದೇ ಮರೆತುಹೋಗಿತ್ತು. ಅವರ ಮಾತು ಇನ್ನೂ ಮುಗಿದಿರಲಿಲ್ಲ. ಕಣ್ಣು ನಿಧಾನವಾಗಿ ಹೆಂಡತಿಯ ಕಡೆ ತಿರುಗಿತು.

"ಇವಳು... ಮಲಗ್ಲಿ."

ಹೆಂಡತಿಯ ಬಾಯಲ್ಲಿದ್ದ ನೀರು ಸೀರೆಯ ಮೇಲೆ ಸುರಿಯಿತು. "ಹೋಗ್ತಾರಂತೆ! ಯಾರ್ರೀ ಹೇಳಿದ್ದು ನಿಮಗೆ ನನಗೆ ನಿದ್ದೆ ಇಲ್ಲ ಅಂತ? ನಾನು ದೂರು ಕೊಟ್ಟಿದ್ದೀನಾ? ನನ್ನ ವಿಷಯ ನೀವೇ ತೀರ್ಮಾನ ಮಾಡಿಬಿಟ್ರಾ? ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸ್ಲಿಲ್ವಾ?"

ಈ ಮನೆಯ ರಕ್ತವೇ ಇಷ್ಟು ಎಂದುಕೊಂಡಳು ನರ್ಸಮ್ಮ. ಮಾತು ನಿಂತುಹೋದ ಮನುಷ್ಯನೂ ಇನ್ನೊಬ್ಬರ ಪರವಾಗಿ ಉತ್ತರ ಕೊಡುತ್ತಾನೆ! ಬಾಯಿ ತುಂಬ ನೀರಿತ್ತು, ಇಲ್ಲದಿದ್ದರೆ ಅಂದೇಬಿಡುತ್ತಿದ್ದಳು.

ಯಜಮಾನರು ಹೆಂಡತಿಯನ್ನೇ ನೋಡುತ್ತಿದ್ದರು. ಆಕೆಯ ಕೂಗಾಟ ತಾನಾಗಿ ಇಳಿದು ನಿಂತ ಮೇಲೆ, ಬಹಳ ಹೊತ್ತಿನ ಮೇಲೆ, ಕೇಳಿದರು.

"ನಿನಗೆ... ಏನು ಬೇಕು?"

ಯಾರನ್ನು ಏನು ಕೇಳಿದರೂ ಮೊದಲು ಉತ್ತರ ಕೊಡುತ್ತಿದ್ದ ಹೆಂಗಸು. ಬಾಯಿ ತೆರೆದರು, ಮಾತು ಬರಲಿಲ್ಲ. ಮತ್ತೆ ತೆರೆದರು. ಮಗ ಮುಂದೆ ಬಾಗಿ ಏನೋ ಹೇಳಹೊರಟವನು ತಾನೇ ತಡೆದುಕೊಂಡ. ಕೆಳಗೆ ಮಳಿಗೆಯಲ್ಲಿ ಯಾರೋ ಮಂಚ ಎಳೆಯುವ ಸದ್ದು ಕೇಳಿಸಿ ನಿಂತಿತು. ಯಜಮಾನರಿಗೆ ಅವಸರವೇ ಇರಲಿಲ್ಲ. ಅವರು ಕಾದರು, ಎಲ್ಲರೂ ಕಾದರು.

ಆಕೆ ಒದ್ದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

"ನಿದ್ದೆ ಬೇಕು ಕಣ್ರೀ" ಎಂದರು. "ನನ್ನ ಕೈಲಿ ಆಗ್ತಿಲ್ಲ."

"ಗೊತ್ತು" ಎಂದರು ಯಜಮಾನರು, ಒಂದಿಷ್ಟೂ ತಡವಿಲ್ಲದೆ.